ಗೋಧಿಯ ಅಂಕುರವೂ ಪ್ರೋಟೀನು ಸಂಶ್ಲೇಷಣೆಯ ಅಧ್ಯಯನವೂ

ಕನ್ನಡ ಪಂಡಿತನೊಬ್ಬನು ಸಸ್ಯಗಳ ಪ್ರೋಟೀನು ಸಂಶ್ಲೇಷಣೆಯನ್ನು ಕುರಿತು ಬರೆಯಹೊರಡುವುದು ಕೆಲವರಿಗಾದರೂ ಅಧಿಕಪ್ರಸಂಗವೆಂದು ತೋರಬಹುದು. ಆದುದರಿಂದ ಈ ಬರವಣಿಗೆಯ ಹಿನ್ನೆಲೆಯನ್ನು ಮೊದಲು ನಿವೇದಿಸಿಕೊಳ್ಳುವುದು ಯುಕ್ತ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ವಿಜ್ಞಾನ ಪ್ರಬಂಧ ಸ್ಪರ್ಧೆಗೆಂದು ಬರೆದ ಲೇಖನವು ಭಾಷಾಶುದ್ಧಿಗಾಗಿ ನನ್ನ ಬಳಿಗೆ ಬಂದಿತ್ತು. ಅದರಲ್ಲಿ "ರೈಬೋಸೋಮು ಆರ್.ಎನ್.ಎ.ಯ ಸಂದೇಶವನ್ನು ಪ್ರೋಟೀನಿಗೆ ಅನುವಾದಿಸುತ್ತದೆ" ಎಂಬ ವಾಕ್ಯವಿತ್ತು. ಅನುವಾದವೆಂಬುದು ಭಾಷೆಗೆ ಸಂಬಂಧಿಸಿದ ಕ್ರಿಯೆ, ಜೀವಕೋಶಕ್ಕೂ ಅದಕ್ಕೂ ಏನು ಸಂಬಂಧವೆಂದುಕೊಂಡು ನಾನು ಆ ಪದವನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿ "ಪರಿವರ್ತಿಸುತ್ತದೆ" ಎಂದು ತಿದ್ದಿದೆನು. ಮರುದಿನ ಆ ಹುಡುಗಿ ಬಹಳ ವಿನಯದಿಂದ ಬಂದು, "ಗುರುಗಳೇ, ಹಾಲು ಮೊಸರಾಗಿ ಪರಿವರ್ತನೆ ಹೊಂದಿದ ಮೇಲೆ ಹಾಲು ಉಳಿಯುವುದಿಲ್ಲ. ಇಲ್ಲಿ ಸಂದೇಶವು ಹಾಗೆಯೇ ಉಳಿದಿರುತ್ತದೆ. ಅದನ್ನೇ ಮತ್ತೆ ಮತ್ತೆ ಓದಬಹುದು" ಎಂದಳು. ನಾನು ನಿರುತ್ತರನಾದೆನು. ಅವಳ ಪದವೇ ಸರಿಯಾದ ಪದವಾಗಿತ್ತು. ನನ್ನ ತಿದ್ದುಪಡಿಯನ್ನು ನಾನೇ ಹೊಡೆದುಹಾಕಿದೆನು. ಅಂದಿನಿಂದ ಈ ವಿಷಯವನ್ನು ವಿಜ್ಞಾನದ ಸಹೋದ್ಯೋಗಿಗಳಿಂದ ಕೇಳಿ, ಓದಿ, ತಿಳಿದುಕೊಳ್ಳುತ್ತ ಬಂದಿದ್ದೇನೆ. ಅದರ ಫಲವೇ ಈ ಲೇಖನ.

ಪ್ರೋಟೀನು ಎಂದರೆ ಅಮೈನೋ ಆಮ್ಲಗಳೆಂಬ ಇಪ್ಪತ್ತು ಬಗೆಯ ಮಣಿಗಳನ್ನು ನಿಯತವಾದ ಕ್ರಮದಲ್ಲಿ ಪೋಣಿಸಿದ ಸರ. ಯಾವ ಮಣಿಯ ಮುಂದೆ ಯಾವ ಮಣಿ ಬರಬೇಕೆಂಬ ವಿಧಿಯು ಡಿ.ಎನ್.ಎ.ಯಲ್ಲಿ ಬರೆಯಲ್ಪಟ್ಟಿದೆ. ಅದರ ಪ್ರತಿಯೊಂದು ಸಂದೇಶವಾಹಕ ಆರ್.ಎನ್.ಎ. ಎಂಬ ರೂಪದಲ್ಲಿ ಹೊರಬರುತ್ತದೆ. ಇದು ಪ್ರತಿಲೇಖನ. ಆ ಪ್ರತಿಯಲ್ಲಿರುವುದು ನಾಲ್ಕೇ ಅಕ್ಷರಗಳ ಲಿಪಿ. ಮೂರು ಮೂರು ಅಕ್ಷರಗಳಿಗೆ ಒಂದೊಂದು ಪದ. ಹೀಗಾಗುವ 64 ಪದಗಳಲ್ಲಿ 61 ಪದಗಳು ಅಮೈನೋ ಆಮ್ಲಗಳನ್ನು ಸೂಚಿಸಿದರೆ ಉಳಿದ ಮೂರು ಪೂರ್ಣವಿರಾಮದ ಕೆಲಸವನ್ನು ಮಾಡುತ್ತವೆ. ಇವನ್ನು ಓದಿ ಸರವನ್ನು ಪೋಣಿಸುವ ಕಮ್ಮಟವೇ ರೈಬೋಸೋಮು. ಆದರೆ ರೈಬೋಸೋಮನ್ನು ಅನುವಾದಕನೆಂದು ಕರೆಯುವಾಗ ಒಂದು ಎಚ್ಚರ ಬೇಕು. ಎರಡು ಭಾಷೆಗಳನ್ನೂ ಬಲ್ಲ ಉಭಯಭಾಷಾಪ್ರವೀಣವು ರೈಬೋಸೋಮಲ್ಲ, ಸಾಗಣೆಯ ಆರ್.ಎನ್.ಎ. ಎಂಬ ಕಿರಿಯ ಅಣು. ಅದರ ಒಂದು ತುದಿ ಮೂರಕ್ಷರದ ಪದವನ್ನು ಗುರುತಿಸುತ್ತದೆ, ಇನ್ನೊಂದು ತುದಿ ತಕ್ಕ ಅಮೈನೋ ಆಮ್ಲವನ್ನು ಹೊತ್ತಿರುತ್ತದೆ. ಯಾವ ಆಮ್ಲವನ್ನು ಯಾವ ಅಣುವಿನ ಬೆನ್ನಿಗೆ ಏರಿಸಬೇಕೆಂಬ ವಿವೇಕವು ಮತ್ತೆ ಬೇರೆ ಕಿಣ್ವಗಳದು. ಹೀಗೆ ಅನುವಾದದ ಪಾಂಡಿತ್ಯವು ಹಲವರಲ್ಲಿ ಹಂಚಿಹೋಗಿದೆ.

ಇಷ್ಟನ್ನು ಇಂದು ಶಾಲೆಯ ಪಠ್ಯಪುಸ್ತಕಗಳೇ ಹೇಳುತ್ತವೆ. ಆದರೆ ಕಣ್ಣಿಗೆ ಕಾಣದ ಈ ವ್ಯಾಪಾರವನ್ನು ಮನುಷ್ಯನು ಕಂಡುಕೊಂಡದ್ದು ಹೇಗೆ, ಅದಕ್ಕೆ ಯಾವ ಸಾಧನಗಳನ್ನು ಹೂಡಿದನು ಎಂಬುದನ್ನು ಅವು ಹೇಳುವುದು ಕಡಿಮೆ. ಫಲಿತಾಂಶವನ್ನು ಕಂಠಪಾಠ ಮಾಡಿಸಿ ಪ್ರಮಾಣವನ್ನು ಮರೆಮಾಡುವುದು ವ್ಯಾಕರಣದ ಪಾಠದಲ್ಲಿಯೂ ಆಗುವ ತಪ್ಪು. ಸೂತ್ರವನ್ನು ಹೇಳಿ ಪ್ರಯೋಗವನ್ನು ತೋರಿಸದಿದ್ದರೆ ವಿದ್ಯಾರ್ಥಿಗೆ ಅದು ಶಬ್ದಮಾತ್ರವಾಗಿ ಉಳಿಯುತ್ತದೆ.

ಸಸ್ಯದ ಜೀವಕೋಶವು ಸಂಶೋಧಕನಿಗೆ ಸುಲಭವಾಗಿ ವಶವಾಗುವುದಿಲ್ಲ. ಪ್ರಾಣಿಯ ಯಕೃತ್ತಿನ ತುಣುಕನ್ನು ಮೃದುವಾಗಿ ಅರೆದರೆ ಸಾಕು, ಕೋಶಗಳು ಒಡೆಯುತ್ತವೆ. ಸಸ್ಯಕೋಶಕ್ಕಾದರೋ ಗಟ್ಟಿಯಾದ ಗೋಡೆಯಿದೆ. ಅದನ್ನು ಒಡೆಯುವಷ್ಟು ಬಲವನ್ನು ಪ್ರಯೋಗಿಸಿದರೆ ಒಳಗಿನ ಸೂಕ್ಷ್ಮಾಂಗಗಳೂ ನುಚ್ಚುನೂರಾಗುತ್ತವೆ. ಮೇಲಾಗಿ ಕೋಶದ ನಡುವಿನ ರಸಕೋಶದಲ್ಲಿ ಆಮ್ಲಗಳೂ ಒಗರು ಪದಾರ್ಥಗಳೂ ತುಂಬಿರುತ್ತವೆ. ಹೆಚ್ಚಿದ ಬದನೆಕಾಯಿ ಗಾಳಿಗೆ ಕಪ್ಪಾಗುವುದನ್ನು ಎಲ್ಲರೂ ಬಲ್ಲರು. ಎಲೆಯನ್ನು ಅರೆದ ರಸವೂ ಹಾಗೆಯೇ ಕಂದುಬಣ್ಣಕ್ಕೆ ತಿರುಗಿ, ಒಗರಿನ ಅಂಶಗಳು ಪ್ರೋಟೀನುಗಳನ್ನು ಹಿಡಿದು ಕೆಡಿಸುತ್ತವೆ. ಇವೆಲ್ಲಕ್ಕಿಂತ ಕೇಡಿನದು ಆರ್.ಎನ್.ಎ.ಯನ್ನು ಕತ್ತರಿಸಿಹಾಕುವ ಕಿಣ್ವ. ಕೋಶ ಒಡೆದೊಡನೆ ಅದು ಬಿಡುಗಡೆ ಹೊಂದಿ, ಓದಬೇಕಾದ ಓಲೆಯನ್ನೇ ಗೆದ್ದಲಿನಂತೆ ತಿಂದುಬಿಡುತ್ತದೆ. ಆದುದರಿಂದಲೇ ಈ ಕೆಲಸವೆಲ್ಲವನ್ನೂ ಮಂಜುಗಡ್ಡೆಯ ಮೇಲೆ, ಶೀತಲ ಕೋಣೆಯಲ್ಲಿ, ತ್ವರೆಯಿಂದ ನಡೆಸಬೇಕಾಗುತ್ತದೆ.

ಕೋಶವನ್ನು ಒಡೆದು, ಅದರ ಸಾರವನ್ನು ನಳಿಕೆಯಲ್ಲಿಟ್ಟು, ಕೋಶವಿಲ್ಲದೆಯೇ ಪ್ರೋಟೀನನ್ನು ತಯಾರಿಸಬಹುದೆಂಬುದನ್ನು 1950ರ ದಶಕದಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಪಾಲ್ ಝಾಮೆಕ್ನಿಕ್ ಮತ್ತು ಅವರ ಸಹಚರರು ಇಲಿಯ ಯಕೃತ್ತಿನಿಂದ ತೋರಿಸಿಕೊಟ್ಟಿದ್ದರು. 1961ರಲ್ಲಿ ಮಾರ್ಷಲ್ ನೀರೆನ್‌ಬರ್ಗ್ ಮತ್ತು ಹೈನ್ರಿಚ್ ಮಥಾಯ್ ಎಂಬವರು ಬ್ಯಾಕ್ಟೀರಿಯದ ಸಾರಕ್ಕೆ 'ಯು' ಎಂಬ ಒಂದೇ ಅಕ್ಷರವುಳ್ಳ ಕೃತಕ ಆರ್.ಎನ್.ಎ.ಯನ್ನು ಹಾಕಲು, ಫಿನೈಲ್‌ಅಲನೀನ್ ಎಂಬ ಒಂದೇ ಅಮೈನೋ ಆಮ್ಲದ ಸರವು ಸಿದ್ಧವಾಯಿತು. ಜೀವಲಿಪಿಯ ನಿಘಂಟಿನಲ್ಲಿ ಅರ್ಥ ತಿಳಿದ ಮೊದಲ ಪದವದು. ಆ ನಿಘಂಟನ್ನು ಪೂರ್ಣಗೊಳಿಸಿದವರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಹರಗೋವಿಂದ ಖುರಾನರೂ ಒಬ್ಬರು. 1968ರ ನೊಬೆಲ್ ಪಾರಿತೋಷಕವನ್ನು ಅವರು ನೀರೆನ್‌ಬರ್ಗ್ ಮತ್ತು ರಾಬರ್ಟ್ ಹಾಲಿಯವರೊಡನೆ ಹಂಚಿಕೊಂಡರು.

ಸಸ್ಯಲೋಕದಲ್ಲಿ ಇಂತಹ ಸಾರಕ್ಕೆ ತಕ್ಕ ಆಕರವಾಗಿ ದೊರೆತದ್ದು ಗೋಧಿಯ ಅಂಕುರ. ಗೋಧಿಯ ಕಾಳಿನಲ್ಲಿ ಹೊರಗೆ ತವುಡು, ನಡುವೆ ಹಿಟ್ಟಿನ ಭಾಗ, ತುದಿಯಲ್ಲೊಂದು ಪುಟ್ಟ ಭ್ರೂಣ. ಕಾಳಿನ ತೂಕದಲ್ಲಿ ಭ್ರೂಣವು ಶೇಕಡ ಎರಡು ಮೂರು ಪಾಲಿಗಿಂತ ಹೆಚ್ಚಿಲ್ಲ. ಆದರೆ ಮುಂದಿನ ಗಿಡವೆಲ್ಲ ಅಡಗಿರುವುದು ಅಲ್ಲಿಯೇ. ಹಿಟ್ಟು ಜಿಡ್ಡುಗಟ್ಟದಿರಲೆಂದು ದೊಡ್ಡ ಗಿರಣಿಗಳಲ್ಲಿ ಈ ಭ್ರೂಣವನ್ನು ಬೇರ್ಪಡಿಸುವುದುಂಟು. ಹೀಗೆ ಗಿರಣಿಯವರು ತೆಗೆದಿಡುವ ವಸ್ತುವೇ ಸಂಶೋಧಕರಿಗೆ ನಿಧಿಯಾಯಿತು.

ಒಣ ಕಾಳಿನೊಳಗೆ ಏನಿದೆಯೆಂಬ ಪ್ರಶ್ನೆಯನ್ನು ಕ್ರಮವಾಗಿ ಕೇಳಿದವರಲ್ಲಿ ಪ್ರಮುಖರು ಅಮೆರಿಕದ ಏಬ್ರಹಾಂ ಮಾರ್ಕಸ್. 1964ರಲ್ಲಿ ಅವರೂ ಅವರ ಸಹಾಯಕ ಫೀಲಿಯವರೂ ಶೇಂಗಾ ಬೀಜವನ್ನು ಪರೀಕ್ಷಿಸಿದರು. ಒಣ ಬೀಜದ ಸಾರವು ತಾನಾಗಿ ಪ್ರೋಟೀನನ್ನು ತಯಾರಿಸದು. ಆದರೆ ಅದಕ್ಕೆ ಹೊರಗಿನಿಂದ ಕೃತಕ ಸಂದೇಶವನ್ನು ಒದಗಿಸಿದರೆ ಒಡನೆಯೇ ಕೆಲಸಕ್ಕೆ ತೊಡಗುತ್ತದೆ. ಎಂದರೆ ರೈಬೋಸೋಮು ಸತ್ತಿರಲಿಲ್ಲ, ಓಲೆಯನ್ನು ಇನ್ನೂ ಕೈಗೆ ತೆಗೆದುಕೊಂಡಿರಲಿಲ್ಲ, ಅಷ್ಟೆ. ಮುಂದೆ ಗೋಧಿಯ ಭ್ರೂಣದಲ್ಲಿ ನೋಡಲಾಗಿ, ನೀರು ಹೀರಿದ ಒಂದು ಗಂಟೆ ತುಂಬುವುದರೊಳಗೆ ಬಿಡಿಬಿಡಿಯಾಗಿದ್ದ ರೈಬೋಸೋಮುಗಳು ಒಂದೇ ಸಂದೇಶದ ಎಳೆಗೆ ಸಾಲಾಗಿ ಹತ್ತಿಕೊಂಡು ಮಾಲೆಗಟ್ಟುತ್ತವೆಂದು ತಿಳಿಯಿತು. ಇನ್ನು ಆ ಓಲೆ ಹೊಸದಾಗಿ ಬರೆದದ್ದೋ, ಮೊದಲೇ ಬರೆದಿಟ್ಟದ್ದೋ? 1965ರಲ್ಲಿ ಲಿಯಾನ್ ಡ್ಯೂರ್ ಮತ್ತು ವಾಟರ್ಸ್ ಎಂಬವರು ಹತ್ತಿಬೀಜಕ್ಕೆ ಆಕ್ಟಿನೋಮೈಸಿನ್ ಎಂಬ ಔಷಧವನ್ನು ಕೊಟ್ಟು ಹೊಸ ಪ್ರತಿಲೇಖನವನ್ನು ತಡೆದರು. ಆದರೂ ಮೊಳಕೆಯ ಮೊದಲ ಹಂತದ ಪ್ರೋಟೀನುಗಳು ತಯಾರಾದವು. ತಾಯಿಗಿಡದಲ್ಲಿ ಬೀಜ ಬಲಿಯುತ್ತಿದ್ದಾಗಲೇ ಬರೆದಿಟ್ಟ ಓಲೆಗಳು ಕಾಳಿನಲ್ಲಿ ಕಾದಿರುತ್ತವೆ ಎಂಬುದಕ್ಕೆ ಇದು ಸಾಕ್ಷಿಯಾಯಿತು. ಹತ್ತಿಯನ್ನೂ ಶೇಂಗಾವನ್ನೂ ಬಿತ್ತಿ ಬೆಳೆಯುವ ನಮ್ಮ ಭಾಗದ ಮಕ್ಕಳಿಗೆ ಈ ಎರಡು ಪ್ರಯೋಗಗಳನ್ನು ಹೇಳಿದರೆ ವಿಷಯವು ಹೊಲದಿಂದಲೇ ಆರಂಭವಾದಂತಾಗುತ್ತದೆ.

1968ರಲ್ಲಿ ಮಾರ್ಕಸರ ತಂಡವು ಗೋಧಿಯ ಭ್ರೂಣದ ಸಾರಕ್ಕೆ ಹೊಗೆಸೊಪ್ಪಿನ ಮಚ್ಚೆರೋಗದ ವೈರಸ್ಸಿನ ಆರ್.ಎನ್.ಎ.ಯನ್ನು ಸೇರಿಸಿ, ರೈಬೋಸೋಮುಗಳು ಅದರ ಮೇಲೆ ಮಾಲೆಗಟ್ಟುವುದನ್ನು ತೋರಿಸಿತು. 1973ರಲ್ಲಿ ಬ್ರಯನ್ ರಾಬರ್ಟ್ಸ್ ಮತ್ತು ಬ್ರೂಸ್ ಪ್ಯಾಟರ್ಸನ್ ಎಂಬವರು ಗಿರಣಿಯಲ್ಲಿ ದೊರೆಯುವ ಗೋಧಿಯ ಅಂಕುರದಿಂದಲೇ ಸುಲಭವಾದ ವಿಧಾನವೊಂದನ್ನು ರೂಪಿಸಿ, ಆ ವೈರಸ್ಸಿನ ಸಂದೇಶವನ್ನಷ್ಟೇ ಅಲ್ಲದೆ ಮೊಲದ ರಕ್ತದ ಗ್ಲೋಬಿನ್ ಸಂದೇಶವನ್ನೂ ಓದಿಸಿದರು. ಮೊಲದ ನೆತ್ತರಿನ ಪ್ರೋಟೀನನ್ನು ಗೋಧಿಯು ನಳಿಕೆಯಲ್ಲಿ ತಯಾರಿಸಿಕೊಟ್ಟಿತು! ಲಿಪಿ ಒಂದೇ ಎಂಬ ಮಾತಿಗೆ ಇದಕ್ಕಿಂತ ನೇರವಾದ ನಿದರ್ಶನವನ್ನು ನಾನು ಓದಿಲ್ಲ.

ಆ ವಿಧಾನವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಏಕೆಂದರೆ ಅದು ನಮ್ಮ ಅಡುಗೆಮನೆಯ ಕೆಲಸಗಳಿಗೆ ತೀರ ದೂರದ್ದಲ್ಲ. ಮೊದಲು ಅಂಕುರವನ್ನು ತವುಡು ಹಿಟ್ಟುಗಳಿಂದ ಬೇರ್ಪಡಿಸಬೇಕು. ಇದಕ್ಕೆ 1957ರಲ್ಲಿಯೇ ಜಾನ್ಸ್ಟನ್ ಮತ್ತು ಸ್ಟರ್ನ್ ಒಂದು ಉಪಾಯವನ್ನು ಹೇಳಿದ್ದರು. ಕಾರ್ಬನ್ ಟೆಟ್ರಾಕ್ಲೋರೈಡ್ ಮತ್ತು ಸೈಕ್ಲೋಹೆಕ್ಸೇನ್ ಎಂಬ ದ್ರವಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿದ ಮಿಶ್ರಣದಲ್ಲಿ ಹಾಕಿದರೆ ಭ್ರೂಣಗಳು ತೇಲುತ್ತವೆ, ಭಾರವಾದ ಹಿಟ್ಟಿನ ಚೂರುಗಳು ಮುಳುಗುತ್ತವೆ. ಬಿತ್ತನೆಯ ಕಾಳನ್ನು ಉಪ್ಪುನೀರಿನಲ್ಲಿ ಹಾಕಿ ಜೊಳ್ಳನ್ನು ತೇಲಿಸಿ ತೆಗೆಯುವ ರೈತನ ಉಪಾಯವೇ ಇದು, ಇಲ್ಲಿ ತೇಲಿದ್ದು ಗಟ್ಟಿ ಎಂಬುದಷ್ಟೇ ವ್ಯತ್ಯಾಸ. ತರುವಾಯ ಅಂಕುರವನ್ನು ತಣ್ಣನೆಯ ಕಲ್ಲುಬಟ್ಟಲಿನಲ್ಲಿ ಮರಳಿನೊಡನೆ ಅರೆದು, ಮೆಗ್ನೀಸಿಯಂ ಪೊಟ್ಯಾಸಿಯಂ ಲವಣಗಳುಳ್ಳ ದ್ರಾವಣವನ್ನು ಬೆರೆಸಿ, ಕೇಂದ್ರಾಪಗಾಮಿ ಯಂತ್ರದಲ್ಲಿ ಭೂಮಿಯ ಸೆಳೆತಕ್ಕಿಂತ ಇಪ್ಪತ್ತು ಮೂವತ್ತು ಸಾವಿರ ಪಟ್ಟು ಬಲದಿಂದ ತಿರುಗಿಸುತ್ತಾರೆ. ಗಸಿಯೆಲ್ಲ ತಳಕ್ಕಿಳಿದು, ಮೇಲೆ ಕೊಬ್ಬಿನ ಕೆನೆ ಕಟ್ಟುತ್ತದೆ. ಎರಡನ್ನೂ ಬಿಟ್ಟು ನಡುವಿನ ತಿಳಿಯನ್ನು ತೆಗೆದುಕೊಳ್ಳಬೇಕು. ರೈಬೋಸೋಮುಗಳೂ ಕಿಣ್ವಗಳೂ ಸಾಗಣೆಯ ಆರ್.ಎನ್.ಎ.ಗಳೂ ಇರುವುದು ಆ ತಿಳಿಯಲ್ಲಿ. ಅದರಲ್ಲಿ ಮೊದಲೇ ಇದ್ದ ಅಮೈನೋ ಆಮ್ಲಗಳನ್ನು ಸೆಫಡೆಕ್ಸ್ ಎಂಬ ರಂಧ್ರಮಯ ಹರಳುಗಳ ಕಂಬದ ಮೂಲಕ ಸೋಸಿ ತೆಗೆದು, ಸಾರವನ್ನು ದ್ರವ ನೈಟ್ರೋಜನ್ನಿನಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರೆ. ಬೇಕಾದಾಗ ಕರಗಿಸಿ, ಶಕ್ತಿಗಾಗಿ ಎ.ಟಿ.ಪಿ. ಮತ್ತು ಜಿ.ಟಿ.ಪಿ.ಗಳನ್ನೂ, ಅವು ಮುಗಿದಂತೆ ಮರಳಿ ತುಂಬುವ ಕ್ರಿಯಾಟೀನ್ ಫಾಸ್ಫೇಟನ್ನೂ, ಅಮೈನೋ ಆಮ್ಲಗಳನ್ನೂ, ಓದಬೇಕಾದ ಸಂದೇಶವನ್ನೂ ಸೇರಿಸಿ, ಸುಮಾರು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಟ್ಟರೆ ಆಯಿತು. ಹುರಿದ ಅಂಕುರ ಇದಕ್ಕೆ ಬಾರದು, ಹುರಿದ ಬೀಜ ಮೊಳೆಯದಂತೆ. ಈ ಸಾರಕ್ಕೆ ಇನ್ನೊಂದು ಗುಣವೂ ಇದೆ. ಅದರ ಸ್ವಂತ ಸಂದೇಶಗಳ ಓದು ತೀರ ಕಡಿಮೆ. ಆದುದರಿಂದ ನಾವು ಕೊಟ್ಟ ಸಂದೇಶದ ಫಲವು ಗೊಂದಲವಿಲ್ಲದೆ ಕಾಣುತ್ತದೆ.

ಕಾಣುತ್ತದೆಂದೆನಲ್ಲವೆ? ತಯಾರಾಗುವ ಪ್ರೋಟೀನು ಅತ್ಯಲ್ಪ, ತಕ್ಕಡಿಗೆ ಸಿಕ್ಕುವಂಥದಲ್ಲ. ಅದನ್ನು ಕಾಣಲು ಒಂದು ಅಮೈನೋ ಆಮ್ಲಕ್ಕೆ, ಸಾಮಾನ್ಯವಾಗಿ ಮಿಥಿಯೋನಿನ್ನಿಗೆ, ವಿಕಿರಣಶೀಲ ಗಂಧಕದ ಗುರುತು ಹಾಕಿರುತ್ತಾರೆ. ಕೆಲಸ ಮುಗಿದ ಮೇಲೆ ಟ್ರೈಕ್ಲೋರೋಅಸಿಟಿಕ್ ಆಮ್ಲವನ್ನು ಹಾಕಿದರೆ ಪ್ರೋಟೀನಿನ ಸರಗಳು ಹೆಪ್ಪಾಗಿ ಸೋಸುಕಾಗದದ ಮೇಲೆ ನಿಲ್ಲುತ್ತವೆ, ಸರ ಸೇರದ ಬಿಡಿಮಣಿಗಳು ತೊಳೆದುಹೋಗುತ್ತವೆ. ಕಾಗದದ ಮೇಲಿನ ವಿಕಿರಣವನ್ನು ಎಣಿಸಿದರೆ ಎಷ್ಟು ತಯಾರಾಯಿತೆಂಬುದು ತಿಳಿಯುತ್ತದೆ. ಏನು ತಯಾರಾಯಿತೆಂಬುದನ್ನು ಹೇಳಲು ಪಾಲಿಅಕ್ರಿಲಮೈಡ್ ಎಂಬ ಲೋಳೆಯ ಹಲಗೆಯ ಮೂಲಕ ವಿದ್ಯುತ್ತಿನ ಬಲದಿಂದ ಪ್ರೋಟೀನುಗಳನ್ನು ಓಡಿಸಬೇಕು. ಚಿಕ್ಕವು ಮುಂದೆ ಓಡುತ್ತವೆ, ದೊಡ್ಡವು ಹಿಂದೆ ಉಳಿಯುತ್ತವೆ. ಹಲಗೆಯನ್ನು ಛಾಯಾಗ್ರಹಣದ ಫಿಲ್ಮಿಗೆ ತಾಗಿಸಿಟ್ಟರೆ ಪ್ರತಿಯೊಂದೂ ಒಂದು ಕರಿಯ ಗೆರೆಯಾಗಿ ಮೂಡುತ್ತದೆ.

ರೈಬೋಸೋಮುಗಳ ಮಾಲೆಯನ್ನು ಕಾಣುವ ಬಗೆ ಬೇರೆ. ನಳಿಕೆಯಲ್ಲಿ ಕೆಳಗೆ ಗಟ್ಟಿಯಾದ, ಮೇಲೆ ತೆಳುವಾದ ಸಕ್ಕರೆಯ ಪಾಕವನ್ನು ಪದರ ಕಲಕದಂತೆ ತುಂಬಿ, ಅದರ ಮೇಲೆ ಸಾರವನ್ನು ಹಾಕಿ ಅತಿವೇಗದಿಂದ ತಿರುಗಿಸಿದರೆ, ಒಂಟಿ ರೈಬೋಸೋಮು ಮೇಲೆಯೂ, ಎರಡು ಮೂರು ನಾಲ್ಕು ಕೂಡಿದ ಮಾಲೆಗಳು ಕ್ರಮವಾಗಿ ಕೆಳಗೂ ನಿಲ್ಲುತ್ತವೆ. ಈ ಇಳಿಯುವ ವೇಗದ ಅಳತೆಗೆ ಸ್ವೀಡನ್ನಿನ ಥಿಯೊಡೋರ್ ಸ್ವೆಡ್‌ಬರ್ಗರ ಹೆಸರಿದೆ. ಸಸ್ಯದ ರೈಬೋಸೋಮು 80 ಎಸ್. ಅದರ ಎರಡು ಹೋಳುಗಳು 60 ಎಸ್ ಮತ್ತು 40 ಎಸ್. ಅರವತ್ತೂ ನಲವತ್ತೂ ಕೂಡಿ ಎಂಬತ್ತಾಗುವುದು ಯಾವ ಗಣಿತವೆಂದು ನಾನು ನಮ್ಮ ವಿಜ್ಞಾನ ಶಿಕ್ಷಕರನ್ನು ಕೇಳಿದ್ದುಂಟು. ಅದು ತೂಕವಲ್ಲ, ವೇಗದ ಅಳತೆ. ವೇಗವು ತೂಕದಷ್ಟೇ ಆಕಾರವನ್ನೂ ಅವಲಂಬಿಸಿರುತ್ತದೆಂದು ಅವರು ತಿಳಿಸಿದ ಮೇಲೆ ಸಮಾಧಾನವಾಯಿತು.

ಸಾಧನಗಳು ಸತ್ಯವನ್ನು ಹೇಳುವಂತೆಯೇ ಸುಳ್ಳನ್ನೂ ಹೇಳಬಲ್ಲವು. ಸಸ್ಯಗಳ ಆರಂಭದ ಪ್ರಯೋಗಗಳಲ್ಲಿ ಕಂಡ ಪ್ರೋಟೀನು ಸಂಶ್ಲೇಷಣೆಯ ಒಂದು ಪಾಲು ಸಸ್ಯದ್ದೇ ಆಗಿರಲಿಲ್ಲ, ಬೇರು ಕಾಂಡಗಳಿಗೆ ಅಂಟಿಕೊಂಡಿದ್ದ ಬ್ಯಾಕ್ಟೀರಿಯಗಳದಾಗಿತ್ತು ಎಂಬುದು ಮುಂದೆ ಬೆಳಕಿಗೆ ಬಂದು, ಬೀಜಗಳನ್ನು ಕ್ರಿಮಿಶುದ್ಧಿ ಮಾಡಿ, ಉಳಿದ ಬ್ಯಾಕ್ಟೀರಿಯಗಳನ್ನು ಎಣಿಸಿ ವರದಿ ಮಾಡುವ ನಿಯಮ ಬಳಕೆಗೆ ಬಂತು. ಪ್ರತಿಕಾರನು ಅಂಚಿನಲ್ಲಿ ಬರೆದ ಟಿಪ್ಪಣಿಯನ್ನೇ ಕವಿಯ ಪದ್ಯವೆಂದು ಓದಿದ ಸಂಪಾದಕರನ್ನು ನಾವೂ ಬಲ್ಲೆವು.

ಇದಕ್ಕಿಂತ ಸೂಕ್ಷ್ಮವಾದ ಸಂದೇಹ ಇನ್ನೊಂದಿದೆ. ಬಾರ್ಲಿಯ ಕಾಳು ಮೊಳೆಯುವಾಗ ಹಿಟ್ಟಿನ ಸುತ್ತಲಿನ ಪದರದಿಂದ ಅಮೈಲೇಸ್ ಎಂಬ ಕಿಣ್ವ ಹೊರಬಂದು ಪಿಷ್ಟವನ್ನು ಸಕ್ಕರೆಯನ್ನಾಗಿ ಮಾಡುತ್ತದೆ. ಭ್ರೂಣವನ್ನು ಕತ್ತರಿಸಿ ತೆಗೆದ ಅರ್ಧಕಾಳಿಗೆ ಜಿಬ್ಬರೆಲಿಕ್ ಆಮ್ಲವನ್ನು ಕೊಟ್ಟರೂ ಈ ಕಿಣ್ವ ಕಾಣಿಸಿಕೊಳ್ಳುತ್ತದೆ. ಆದರೆ ಅದು ಆಗ ಹೊಸದಾಗಿ ತಯಾರಾದದ್ದೋ, ಅಥವಾ ಮೊದಲೇ ಇದ್ದು ಸುಪ್ತವಾಗಿದ್ದದ್ದು ಎಚ್ಚತ್ತದ್ದೋ? ಕೆಲಸ ಕಂಡಿತೆಂದ ಮಾತ್ರಕ್ಕೆ ಕೆಲಸಗಾರನು ಈಗ ಹುಟ್ಟಿದನೆನ್ನಲಾಗದು. 1967ರಲ್ಲಿ ಫಿಲಿಪ್ ಫಿಲ್ನರ್ ಮತ್ತು ಜೋಸೆಫ್ ವಾರ್ನರ್ ಇದಕ್ಕೆ ಹೂಡಿದ ಉಪಾಯ ಅತ್ಯಂತ ರಮಣೀಯವಾದದ್ದು. ಅವರು ಕಾಳನ್ನು ಸಾಮಾನ್ಯ ನೀರಿಗೆ ಬದಲಾಗಿ 18 ತೂಕದ ಭಾರವಾದ ಆಮ್ಲಜನಕವುಳ್ಳ ನೀರಿನಲ್ಲಿ ಇಟ್ಟರು. ಕಾಳಿನಲ್ಲಿ ಕೂಡಿಟ್ಟ ಹಳೆಯ ಪ್ರೋಟೀನು ಒಡೆದು ಅಮೈನೋ ಆಮ್ಲವಾಗುವಾಗ ಪ್ರತಿ ಒಡಕಿನಲ್ಲಿಯೂ ನೀರಿನ ಒಂದು ಅಣು ಸೇರುತ್ತದೆ. ಆದುದರಿಂದ ಆ ಆಮ್ಲಗಳು ಭಾರವಾದ ಆಮ್ಲಜನಕವನ್ನು ಹೊತ್ತುಕೊಳ್ಳುತ್ತವೆ. ಅವುಗಳಿಂದ ಕಿಣ್ವವು ಹೊಸದಾಗಿ ತಯಾರಾಗಿದ್ದರೆ ಅದೂ ಭಾರವಾಗಿರಬೇಕು. ಹಳೆಯದೇ ಎಚ್ಚತ್ತಿದ್ದರೆ ಹಗುರವಾಗಿಯೇ ಇರಬೇಕು. ಸೀಸಿಯಂ ಕ್ಲೋರೈಡಿನ ದ್ರಾವಣದಲ್ಲಿ ತಿರುಗಿಸಿ ನೋಡಲು, ಕಿಣ್ವವು ಇಡಿಯಾಗಿ ಶೇಕಡ ಒಂದರಷ್ಟು ಹೆಚ್ಚಿನ ಸಾಂದ್ರತೆಯ ಕಡೆಗೆ ಸರಿದಿತ್ತು. ಅಲ್ಲಿಗೆ ವಿವಾದ ಮುಗಿಯಿತು. ನಮ್ಮ ಮನೆಗಳಲ್ಲಿ ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ ಕೂಸಿಗೆ ಗಂಜಿ ಕಾಸುವಾಗ ಅದು ತೆಳುವಾಗಿಯೂ ಸಿಹಿಯಾಗಿಯೂ ಇರುವುದಕ್ಕೆ ಇದೇ ಜಾತಿಯ ಕಿಣ್ವ ಕಾರಣ.

ಸಸ್ಯಕೋಶದಲ್ಲಿ ಪ್ರೋಟೀನು ತಯಾರಾಗುವ ಕಮ್ಮಟ ಒಂದೇ ಅಲ್ಲ. ಕೋಶರಸದಲ್ಲಿ 80 ಎಸ್ ರೈಬೋಸೋಮುಗಳಿರುವಂತೆ, ಎಲೆಗೆ ಹಸಿರನ್ನು ಕೊಡುವ ಕ್ಲೋರೋಪ್ಲಾಸ್ಟುಗಳ ಒಳಗೆ ಬ್ಯಾಕ್ಟೀರಿಯಗಳದನ್ನು ಹೋಲುವ 70 ಎಸ್ ರೈಬೋಸೋಮುಗಳಿವೆ. ಮೈಟೋಕಾಂಡ್ರಿಯಗಳಲ್ಲಿ ಮೂರನೆಯ ಬಗೆ. ಯಾವ ಪ್ರೋಟೀನು ಎಲ್ಲಿಯದೆಂದು ತಿಳಿಯಲು ಔಷಧಗಳೇ ಸಾಧನ. ಸೈಕ್ಲೋಹೆಕ್ಸಿಮೈಡ್ ಕೋಶರಸದ ಕಮ್ಮಟವನ್ನು ನಿಲ್ಲಿಸುತ್ತದೆ, ವಿಷಮಜ್ವರಕ್ಕೆ ಕೊಡುತ್ತಿದ್ದ ಕ್ಲೋರಾಂಫೆನಿಕಾಲ್ ಕ್ಲೋರೋಪ್ಲಾಸ್ಟಿನದನ್ನು ನಿಲ್ಲಿಸುತ್ತದೆ. ಗಾಳಿಯ ಇಂಗಾಲವನ್ನು ಹಿಡಿದುಕೊಡುವ ರುಬಿಸ್ಕೊ ಎಂಬ ಪ್ರೋಟೀನಿನ ದೊಡ್ಡ ತುಂಡು ಕ್ಲೋರೋಪ್ಲಾಸ್ಟಿನೊಳಗೇ ತಯಾರಾಗುವುದೆಂದು 1973ರಲ್ಲಿ ಬ್ಲೇರ್ ಮತ್ತು ಎಲ್ಲಿಸ್ ಬಟಾಣಿಯ ಬಿಡಿ ಕ್ಲೋರೋಪ್ಲಾಸ್ಟುಗಳಿಂದ ತೋರಿಸಿದರು. ಅದೇ ಪ್ರೋಟೀನಿನ ಚಿಕ್ಕ ತುಂಡಾದರೋ ಹೊರಗಿನ ಕಮ್ಮಟದ್ದು. ಅದು ಒಳಗೆ ಹೋಗುವ ಬಗೆ ಹೇಗೆ? ಬಟಾಣಿ ಮತ್ತು ಪಾಲಕದ ಸಂದೇಶವನ್ನು ಗೋಧಿಯ ಸಾರದಲ್ಲಿ ಓದಿಸಲು, ತಯಾರಾದದ್ದು ನಿಜವಾದ ಚಿಕ್ಕ ತುಂಡಿಗಿಂತ ಉದ್ದವಾಗಿತ್ತು! 1978ರಲ್ಲಿ ಛುವಾ ಮತ್ತು ಶ್ಮಿಟ್ ಅದನ್ನು ಇಡಿಯಾದ ಕ್ಲೋರೋಪ್ಲಾಸ್ಟುಗಳೊಡನೆ ಇಟ್ಟು ನೋಡಲು, ಅದು ಒಳಹೊಕ್ಕು, ಹೊಕ್ಕ ಮೇಲೆ ಹೆಚ್ಚಿನ ಭಾಗವನ್ನು ಕಳೆದುಕೊಂಡು ಸರಿಯಾದ ಉದ್ದಕ್ಕೆ ಬಂತು. ಆ ಹೆಚ್ಚಿನ ಭಾಗವು ಲಕೋಟೆಯ ಮೇಲಿನ ವಿಳಾಸವಾಗಿತ್ತು. ಅದೇ ವರ್ಷ ಹೈಫೀಲ್ಡ್ ಮತ್ತು ಎಲ್ಲಿಸ್ ಕೂಡ ಇದನ್ನೇ ಕಂಡರು. ಕೋಶದೊಳಗೆ ಕ್ಷಣಮಾತ್ರ ಇದ್ದು ಮರೆಯಾಗುವ ಆ ವಿಳಾಸವು ಕಣ್ಣಿಗೆ ಬಿದ್ದದ್ದು ಗೋಧಿಯ ಸಾರದಲ್ಲಿ ಅದನ್ನು ಕತ್ತರಿಸುವವರು ಯಾರೂ ಇರಲಿಲ್ಲವಾದ್ದರಿಂದ.

ಇಷ್ಟು ಗುಣವುಳ್ಳ ಸಾರಕ್ಕೂ ಒಂದು ದೋಷವಿತ್ತು. ಒಂದೆರಡು ಗಂಟೆ ಚೆನ್ನಾಗಿ ಕೆಲಸ ಮಾಡಿ ಅದು ನಿಂತುಬಿಡುತ್ತಿತ್ತು. ಒಡೆದ ಕೋಶದ ಸಾರವಲ್ಲವೆ, ಅದರ ಆಯುಸ್ಸೇ ಅಷ್ಟು ಎಂದು ಬಹುಕಾಲ ಭಾವಿಸಲಾಗಿತ್ತು. ನಿಜವಾದ ಕಾರಣ ಗೊತ್ತಾದದ್ದು ಹರಳುಬೀಜದ ದಾರಿಯಿಂದ.

ಹರಳೆಣ್ಣೆ ತೆಗೆದ ಹಿಂಡಿಯನ್ನು ರೈತರು ತೋಟಕ್ಕೆ ಗೊಬ್ಬರವಾಗಿ ಹಾಕುತ್ತಾರೆಯೇ ಹೊರತು ದನಗಳಿಗೆ ತಿನ್ನಿಸುವುದಿಲ್ಲ. ಅದರಲ್ಲಿ ರೈಸಿನ್ ಎಂಬ ಘೋರವಾದ ವಿಷವಿರುತ್ತದೆ. 1888ರಲ್ಲಿ ಸ್ಟಿಲ್‌ಮಾರ್ಕ್ ಎಂಬವನು ಗುರುತಿಸಿದ ಈ ವಿಷವು ರೈಬೋಸೋಮುಗಳನ್ನು ಕೆಡಿಸುವುದೆಂದು ಮುಂದೆ ತಿಳಿದರೂ ಕೆಡಿಸುವ ಬಗೆ ಹೇಗೆಂಬುದು ಒಗಟಾಗಿಯೇ ಉಳಿದಿತ್ತು. 1987ರಲ್ಲಿ ಜಪಾನಿನ ಯಾಯೆತಾ ಎಂಡೊ ಮತ್ತು ಕುನಿಯೊ ತ್ಸುರುಗಿ ಅದನ್ನು ಬಿಡಿಸಿದರು. ಇಲಿಯ ರೈಬೋಸೋಮಿನಲ್ಲಿ ನಾಲ್ಕು ಸಾವಿರದ ಏಳುನೂರಕ್ಕೂ ಮಿಕ್ಕ ಅಕ್ಷರಗಳುಳ್ಳ ಆರ್.ಎನ್.ಎ.ಯ ಎಳೆಯೊಂದಿದೆ. ರೈಸಿನ್ ಅದರ 4324ನೆಯ ಅಕ್ಷರದಿಂದ ಅಡೆನೀನ್ ಎಂಬ ಭಾಗವನ್ನು ಮಾತ್ರ ಕಿತ್ತುಹಾಕುತ್ತದೆ. ಎಳೆ ತುಂಡಾಗುವುದಿಲ್ಲ, ಉಳಿದ ಅಕ್ಷರಗಳೆಲ್ಲ ಕ್ಷೇಮ. ಆದರೆ ಆ ರೈಬೋಸೋಮು ಮತ್ತೆ ಓದದು. ರೈಸಿನ್ನಿನ ಒಂದು ಅಣುವು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ರೈಬೋಸೋಮುಗಳನ್ನು ಹೀಗೆ ಕೆಡಿಸಬಲ್ಲದು. ಒಂದಕ್ಷರ ಲೋಪವಾದರೆ ಪದ್ಯದ ಅರ್ಥ ಕೆಡುವುದನ್ನು ಕಲಿಸುವುದೇ ನಮ್ಮ ವೃತ್ತಿ. ಒಂದಕ್ಷರದ ಲೋಪದಿಂದ ಪ್ರಾಣವೇ ಹೋಗುವುದನ್ನು ಇಲ್ಲಿ ಕಂಡೆನು. ಈ ಲೋಪವನ್ನು ಪತ್ತೆಹಚ್ಚಲು ಅನಿಲೀನ್ ಎಂಬ ರಾಸಾಯನಿಕ ಸಾಕು. ಅಡೆನೀನ್ ಕಳಚಿದ ಜಾಗದಲ್ಲಿ ಅದು ಎಳೆಯನ್ನು ಕಡಿಯುತ್ತದೆ, ಲೋಳೆಯ ಹಲಗೆಯ ಮೇಲೆ ಒಂದು ಚಿಕ್ಕ ತುಂಡು ಪ್ರತ್ಯೇಕವಾಗಿ ಕಾಣಿಸಿಕೊಳ್ಳುತ್ತದೆ.

ಇದೇ ಜಾತಿಯ ಪ್ರೋಟೀನೊಂದು ಗೋಧಿಯ ಹಿಟ್ಟಿನ ಭಾಗದಲ್ಲಿಯೂ ಇದೆ. ಅದರ ಹೆಸರು ಟ್ರಿಟಿನ್. (ಗೋಧಿಯನ್ನು ಉಣ್ಣುವವರು ಹೆದರಬೇಕಾದುದಿಲ್ಲ, ರೈಸಿನ್ನಿಗೆ ಕೋಶದೊಳಗೆ ಹೊಗಿಸುವ ಎರಡನೆಯ ತುಂಡೊಂದಿದೆ, ಟ್ರಿಟಿನ್ನಿಗೆ ಅದಿಲ್ಲ.) ಎಂಡೊ ಅವರು ಎಹಿಮೆ ವಿಶ್ವವಿದ್ಯಾಲಯದಲ್ಲಿ ಗೋಧಿಯ ಸಾರವು ದಣಿಯುವುದನ್ನು ಪರೀಕ್ಷಿಸಿದಾಗ, ಅಂಕುರಕ್ಕೆ ಅಂಟಿಕೊಂಡು ಬಂದ ಹಿಟ್ಟಿನ ಕಣಗಳಿಂದ ಟ್ರಿಟಿನ್ ಸಾರಕ್ಕೆ ಸೇರಿ, ಅಲ್ಲಿನ ರೈಬೋಸೋಮುಗಳ ಅದೇ ಅಕ್ಷರವನ್ನು ಕೀಳುತ್ತಿರುವುದು ಕಂಡಿತು. ಸಾರವು ಮುಪ್ಪಿನಿಂದ ಸಾಯುತ್ತಿರಲಿಲ್ಲ, ಮನೆಯ ವಿಷದಿಂದಲೇ ಸಾಯುತ್ತಿತ್ತು. ಪರಿಹಾರವಾದರೋ ಅತ್ಯಂತ ಸರಳ. ಒಡೆದ ಅಂಕುರಗಳನ್ನು ಆರಿಸಿ ತೆಗೆದುಹಾಕಿ, ಉಳಿದವನ್ನು ನೀರಿನಿಂದಲೂ ಮಾರ್ಜಕದ ದ್ರಾವಣದಿಂದಲೂ ಬಿಳಿ ಹೋಗುವವರೆಗೆ ಚೆನ್ನಾಗಿ ತೊಳೆಯುವುದು! 2000ದಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ, ಹೀಗೆ ತೊಳೆದ ಅಂಕುರದ ಸಾರಕ್ಕೆ ಸೋಸುಪೊರೆಯ ಮೂಲಕ ಅಮೈನೋ ಆಮ್ಲಗಳನ್ನೂ ಶಕ್ತಿಯನ್ನೂ ಒದಗಿಸುತ್ತ ಹೋದರೆ ಅದು 60 ಗಂಟೆಗಳ ಕಾಲ ಕೆಲಸ ಮಾಡಿ, ಒಂದು ಮಿಲಿಲೀಟರಿಗೆ ಒಂದರಿಂದ ನಾಲ್ಕು ಮಿಲಿಗ್ರಾಮಿನಷ್ಟು ಪ್ರೋಟೀನನ್ನು ಕೊಡುತ್ತದೆ. ವಿಕಿರಣದ ಎಣಿಕೆಯಲ್ಲಷ್ಟೇ ತಿಳಿಯುತ್ತಿದ್ದದ್ದು ಈಗ ತಕ್ಕಡಿಗೆ ಸಿಕ್ಕುವಷ್ಟಾಯಿತು. ಅಕ್ಕಿ ಬೇಳೆಗಳನ್ನು ಮೂರು ಸಲ ತೊಳೆಯದೆ ಒಲೆಗಿಡದ ನಮ್ಮ ಮನೆಯ ಹಿರಿಯರಿಗೆ ಇದನ್ನು ಹೇಳಿದಾಗ ಅವರಿಗೆ ಅಂತಹ ಆಶ್ಚರ್ಯವೇನೂ ಆಗಲಿಲ್ಲ.

ಮಲೇರಿಯಾ ಪರೋಪಜೀವಿಯ ಪ್ರೋಟೀನುಗಳನ್ನು ಬ್ಯಾಕ್ಟೀರಿಯಗಳಲ್ಲಿ ತಯಾರಿಸುವುದು ಕಷ್ಟ. ಆ ಜೀವಿಯ ಲಿಪಿಯಲ್ಲಿ 'ಎ' ಮತ್ತು 'ಟಿ' ಅಕ್ಷರಗಳು ಮಿತಿಮೀರಿವೆ. ಎಹಿಮೆಯಲ್ಲಿಯೇ ಗೋಧಿಯ ಈ ಸಾರದಿಂದ ಅವನ್ನು ತಯಾರಿಸಿ ಲಸಿಕೆಗೆ ತಕ್ಕವು ಯಾವುವೆಂದು ಪರೀಕ್ಷಿಸುವ ಕೆಲಸ ನಡೆದಿದೆ. ಗೋಧಿಯ ರೈಬೋಸೋಮಿನ ರೂಪವನ್ನೇ ಅತಿಶೀತದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಚಿತ್ರಿಸಿ 2010ರಲ್ಲಿ ಜರ್ಮನಿಯ ಮ್ಯೂನಿಕ್ಕಿನವರು ಪ್ರಕಟಿಸಿದರು. ಇನ್ನೊಂದು ಹೊಸ ಸಾಧನ, 2009ರಲ್ಲಿ ಯೀಸ್ಟಿನಲ್ಲಿ ಆರಂಭವಾಗಿ 2013ರ ವೇಳೆಗೆ ಸಸ್ಯಗಳಿಗೂ ಬಂದ ರೈಬೋಸೋಮಿನ ಹೆಜ್ಜೆಗುರುತು ಶೋಧನೆ. ಓದುತ್ತಿರುವ ರೈಬೋಸೋಮುಗಳನ್ನು ಇದ್ದಲ್ಲಿಯೇ ನಿಲ್ಲಿಸಿ, ಕಿಣ್ವದಿಂದ ಸಂದೇಶವನ್ನು ಕತ್ತರಿಸಿದರೆ, ರೈಬೋಸೋಮು ಮುಚ್ಚಿಕೊಂಡಿರುವ ಸುಮಾರು 28 ಅಕ್ಷರಗಳಷ್ಟು ಉದ್ದದ ತುಣುಕು ಮಾತ್ರ ಉಳಿಯುತ್ತದೆ. ಇಂತಹ ಲಕ್ಷಗಟ್ಟಲೆ ತುಣುಕುಗಳನ್ನು ಓದಿದರೆ, ಆ ಗಳಿಗೆಯಲ್ಲಿ ಗಿಡವು ಯಾವ ಯಾವ ಓಲೆಯ ಎಷ್ಟನೆಯ ಸಾಲಿನಲ್ಲಿ ಬೆರಳಿಟ್ಟುಕೊಂಡಿತ್ತೆಂಬುದು ತಿಳಿಯುತ್ತದೆ.

ಇಂತಹ ಯಂತ್ರಗಳು ಶಾಲೆಗೆ ಎಟುಕುವಂಥವಲ್ಲ. ಆದರೆ ನಮ್ಮ ಪ್ರಯೋಗಶಾಲೆಯಲ್ಲಿ ಎರಡು ವರ್ಷಗಳಿಂದ ಮಾಡಿಸುತ್ತಿರುವ ಪ್ರಯೋಗವೊಂದನ್ನು ಇತರ ಶಾಲೆಗಳ ಅಧ್ಯಾಪಕ ಮಿತ್ರರ ಉಪಯೋಗಕ್ಕಾಗಿ ಹೇಳುತ್ತೇನೆ. ಒಂದು ಹಿಡಿ ರಾಗಿಯನ್ನು ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಮೊಳೆಯಲು ಬಿಡಬೇಕು. ಅದನ್ನು ತಣ್ಣೀರಿನಲ್ಲಿ ಅರೆದು ಸೋಸಿದ ರಸ ಒಂದು. ಮೊಳೆಯದ ರಾಗಿಯನ್ನು ಹಾಗೆಯೇ ಅರೆದ ರಸ ಇನ್ನೊಂದು. ಮೊಳಕೆಯ ರಸವನ್ನೇ ಕುದಿಸಿ ಆರಿಸಿದ್ದು ಮೂರನೆಯದು. ಮೂರು ನಳಿಕೆಗಳಲ್ಲಿ ತೆಳುವಾದ, ಆರಿದ ಪಿಷ್ಟದ ಗಂಜಿಯನ್ನು ಸಮನಾಗಿ ತೆಗೆದುಕೊಂಡು ಒಂದೊಂದಕ್ಕೆ ಒಂದೊಂದು ರಸವನ್ನು ಬೆರೆಸಿ, ಐದೈದು ನಿಮಿಷಕ್ಕೊಮ್ಮೆ ಒಂದೊಂದು ಹನಿಯನ್ನು ಬಿಳಿಯ ಪಿಂಗಾಣಿಯ ಮೇಲೆ ಅಯೋಡಿನ್ನಿಗೆ ಸೇರಿಸಿ ನೋಡಬೇಕು. ಮೊಳಕೆಯ ರಸ ಹಾಕಿದ್ದರಲ್ಲಿ ನೀಲಿಯು ಕೆಂಪಾಗಿ, ಕೊನೆಗೆ ಮಾಯವಾಗುತ್ತದೆ. ಕುದಿಸಿದ್ದರಲ್ಲಿ ನೀಲಿ ಹಾಗೆಯೇ ಉಳಿಯುತ್ತದೆ. ಮೊಳೆಯದ ರಾಗಿಯ ನಳಿಕೆಯಲ್ಲಿ ಬಣ್ಣವು ಬದಲಾಗುವುದು ಬಹಳ ನಿಧಾನ.

ಕಳೆದ ಸಲ ಪ್ರಯೋಗ ಮುಗಿದ ಮೇಲೆ ಮಕ್ಕಳೆಲ್ಲರೂ "ಮೊಳಕೆಯಲ್ಲಿ ಹೊಸ ಕಿಣ್ವ ತಯಾರಾಗಿದೆ" ಎಂದು ದಿನಚರಿಯಲ್ಲಿ ಬರೆದರು. ಒಬ್ಬ ಹುಡುಗ ಮಾತ್ರ "ಕಿಣ್ವ ಕೆಲಸ ಮಾಡಿದೆ. ಹೊಸದೋ ಹಳೆಯದೋ ಇದರಿಂದ ಗೊತ್ತಾಗಲಿಲ್ಲ" ಎಂದು ಬರೆದಿದ್ದನು. ವಿಜ್ಞಾನ ಶಿಕ್ಷಕರು ಆ ಪುಟವನ್ನು ನನಗೆ ತಂದು ತೋರಿಸಿದರು. ಅವನ ಬರಹದಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದವು. ಈ ಸಲ ಪೆನ್ಸಿಲಿನಿಂದ ತಿದ್ದಿದೆನು.